ಬೇರಿಗೆ ಊಟ ಮುಟ್ಟದ ವರ್ಷ

ನಮ್ಮ ಹಿತ್ತಲಿನ ರಸಪುರಿ ಮಾವಿನಮರ ಆ ವರ್ಷ ಬಿಟ್ಟಷ್ಟು ಹಣ್ಣನ್ನು ನಾನು ಮದುವೆಯಾಗಿ ಈ ಮನೆಗೆ ಬಂದಮೇಲೆ ಒಮ್ಮೆಯೂ ಕಂಡಿರಲಿಲ್ಲ. ಜಯಲಕ್ಷ್ಮಿಪುರಂನಲ್ಲಿ ಮನೆ ಕಟ್ಟಿಸಿದಾಗ ನನ್ನ ಮಾವ ತಮ್ಮ ಕೈಯಾರೆ ನೆಟ್ಟ ಕಸಿ ಗಿಡ ಅದು. ದಟ್ಟವಾಗಿ ಬೆಳೆದು, ಬಟ್ಟೆ ಒಗೆಯುವ ಕಲ್ಲಿಗೆ ನೆರಳು ಕೊಟ್ಟು, ಅಳಿಲುಗಳ ಸಂಸಾರ ಸಾಕಿಕೊಂಡು ಚೆನ್ನಾಗಿಯೇ ಇತ್ತು. ಹಣ್ಣಿನ ವಿಷಯದಲ್ಲಿ ಮಾತ್ರ ಕೈಯೆತ್ತಿಬಿಟ್ಟಿತ್ತು. ಒಂದು ವರ್ಷ ಒಂದು ಬುಟ್ಟಿಯಾದರೆ ಮುಂದಿನ ವರ್ಷ ಉಪ್ಪಿನಕಾಯಿಗೂ ಗತಿಯಿಲ್ಲ. ಅಂಥ ಮರ ಆ ಜನವರಿಯಲ್ಲಿ ಎಲೆಯೇ ಕಾಣದ ಹಾಗೆ ಹೂಬಿಟ್ಟಿತು. ಮೇ ಬರುವಷ್ಟರಲ್ಲಿ ಕೊಂಬೆಗಳಿಗೆ ಊರೆಗೋಲು ಕೊಡಬೇಕಾಯಿತು.

ಅತ್ತೆ ಹಣ್ಣುಗಳನ್ನು ಒಣಹುಲ್ಲಿನಲ್ಲಿಟ್ಟು ಮಂಚದಡಿ ಮಾಗಿಸಿದರು. ಮನೆಗೆ ಮನೆಯೇ ಮಾವಿನಹಣ್ಣಿನ ವಾಸನೆ. ಬೆಳಗ್ಗೆ ದೋಸೆಗೂ ಸೀಕರಣೆ, ರಾತ್ರಿ ಚಪಾತಿಗೂ ಸೀಕರಣೆ. ಮಾವನಂತೂ ಹಿಗ್ಗಿನಿಂದ ನೆಲದ ಮೇಲೆ ನಡೆಯುತ್ತಿರಲಿಲ್ಲ. ಅವರು ದೇವರಾಜ ಮೊಹಲ್ಲಾದಲ್ಲಿ ಹಿತ್ತಾಳೆ, ತಾಮ್ರದ ಪಾತ್ರೆ ಅಂಗಡಿ ನಡೆಸಿದವರು. ಅಂಗಡಿಯನ್ನು ನನ್ನ ಮೈದುನನ ಕೈಗೆ ಬಿಟ್ಟಮೇಲೆ ಅವರ ಹೊತ್ತೆಲ್ಲ ಹಿತ್ತಲಿಗೂ ಮೊಬೈಲಿಗೂ ಹಂಚಿಹೋಗಿತ್ತು. ಬೆಳಗಿನ ಲಿಂಗಪೂಜೆ ಮುಗಿಸಿದವರೇ ಕೈತೋಟದ ವಿಡಿಯೋ ಹಾಕಿಕೊಂಡು ಕೂರುತ್ತಿದ್ದರು. ಆ ಬೇಸಿಗೆಯಲ್ಲಿ ಹಣ್ಣು ತುಂಬಿದ ಚೀಲಗಳನ್ನು ಸ್ಕೂಟರಿನ ಮುಂದಿಟ್ಟುಕೊಂಡು ಮೊಹಲ್ಲಾಕ್ಕೆ ಹೋಗಿ ಹಳೆಯ ಅಂಗಡಿ ಸ್ನೇಹಿತರಿಗೆಲ್ಲ ಹಂಚಿಬಂದರು. ಇಷ್ಟು ಹೇಗೆ ಬಂತು ಎಂದು ಕೇಳಿದವರಿಗೆ, ಒಂದು ಉಪಾಯ ಮಾಡಿದೆ ಎಂದು ನಗುತ್ತಿದ್ದರಂತೆ. ಉಪಾಯ ಏನೆಂದು ಮನೆಯಲ್ಲಿ ನಾವು ಯಾರೂ ಕೇಳಲಿಲ್ಲ. ಹಣ್ಣು ಅಷ್ಟು ಸಿಹಿಯಾಗಿತ್ತು.

ನಾನು ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಪಾಠ ಮಾಡುತ್ತೇನೆ. ಆದರೂ ಮಾವ ಗಿಡಮರದ ವಿಷಯಕ್ಕೆ ನನ್ನನ್ನು ಒಂದು ಮಾತು ಕೇಳಿದ್ದಿಲ್ಲ. ಅವರ ಲೆಕ್ಕದಲ್ಲಿ ನನಗೆ ಗೊತ್ತಿರುವುದು ಪುಸ್ತಕದೊಳಗಿನ ಗಿಡ. ಅದರಿಂದ ನನಗೆ ಬೇಸರವೂ ಇರಲಿಲ್ಲ. ಕಾಲೇಜಿನಲ್ಲಿ ಬಾಯಿ ನೋಯುವಷ್ಟು ಮಾತಾಡಿ ಬಂದವಳಿಗೆ ಮನೆಯಲ್ಲೂ ಯಾಕೆ ಪಾಠ?

ಜೂನ್ ಮೊದಲಲ್ಲಿ ಜೋರು ಮಳೆ ಹೊಯ್ದಿತು. ಮಳೆ ಬಿಟ್ಟ ಭಾನುವಾರ ಬಟ್ಟೆ ಹರವಲು ಹಿತ್ತಲಿಗೆ ಹೋದೆ. ಹಿಂದಿನ ದಸರಾ ಹೊತ್ತಿಗೆ ಮಾವ ಮರದ ಬುಡಕ್ಕೆ ಗೋಣಿತಾಟು ಸುತ್ತಿ ಹುರಿ ಬಿಗಿದಿದ್ದರು. ಗೆದ್ದಲು ಹತ್ತದಿರಲಿ ಎಂದು ಹೇಳಿದ್ದ ನೆನಪು. ಈಗ ಅದು ನೆನೆದು ಭಾರವಾಗಿ ಕೆಳಕ್ಕೆ ಜಾರಿತ್ತು. ಅದರ ಹಿಂದೆ ಇದ್ದದ್ದನ್ನು ನೋಡಿ, ಹಿಂಡಿದ ಸೀರೆಯನ್ನು ಮತ್ತೆ ಬಕೀಟಿಗೇ ಹಾಕಿ, ಮರದ ಮುಂದೆ ಕುಕ್ಕರುಗಾಲಲ್ಲಿ ಕೂತೆ.

ಮೊಣಕಾಲೆತ್ತರದಲ್ಲಿ, ಕಾಂಡದ ಸುತ್ತಲೂ, ನಾಲ್ಕು ಬೆರಳಗಲಕ್ಕೆ ತೊಗಟೆಯೇ ಇರಲಿಲ್ಲ. ಒಳಗಿನ ಕಟ್ಟಿಗೆ ಒಣಗಿ ಬೂದಿಬಣ್ಣಕ್ಕೆ ತಿರುಗಿತ್ತು. ಮೇಲಿನ ಅಂಚು ಹಗ್ಗ ಸುತ್ತಿದ ಹಾಗೆ ದಪ್ಪಗೆ ಊದಿಕೊಂಡಿತ್ತು. ಕೆಳಗಿನ ಅಂಚು ಚಪ್ಪಟೆಯಾಗಿ ಸುರುಟಿತ್ತು. ಈ ಚಿತ್ರವನ್ನು ನಾನು ಪ್ರತಿವರ್ಷ ಬೋರ್ಡಿನ ಮೇಲೆ ಬಿಡಿಸುತ್ತೇನೆ. ಉಂಗುರ ಪ್ರಯೋಗವೆಂದು ಅದರ ಹೆಸರು. ಬೆರಳುಗಾತ್ರದ ರೆಂಬೆಗೆ ಮಾಡಿ ತೋರಿಸುವ ಪ್ರಯೋಗವನ್ನು ನಮ್ಮ ಹಿತ್ತಲಿನಲ್ಲಿ ಇಡೀ ಮರಕ್ಕೆ ಮಾಡಲಾಗಿತ್ತು.

ಮಕ್ಕಳಿಗೆ ಹೇಳುವುದನ್ನೇ ಇಲ್ಲಿಯೂ ಹೇಳುತ್ತೇನೆ. ಬೇರು ಎತ್ತಿದ ನೀರು ಮೇಲಕ್ಕೆ ಹೋಗುವುದು ಕಾಂಡದ ಒಳಗಿನ ಕಟ್ಟಿಗೆಯಲ್ಲಿ. ಎಲೆ ಬಿಸಿಲಿನಲ್ಲಿ ಮಾಡಿದ ಅಡುಗೆ ಹೋಗುವ ದಾರಿ ಬೇರೆ. ಅದು ಸಕ್ಕರೆಯ ಪಾಕವಾಗಿ, ತೊಗಟೆಯ ಒಳಪದರದಲ್ಲಿರುವ ಕೂದಲಿಗಿಂತ ಸಣ್ಣ ನಾಳಗಳಲ್ಲಿ ಹರಿಯುತ್ತದೆ. ಆ ಪದರವನ್ನು ಫ್ಲೋಯಂ ಎನ್ನುತ್ತೇವೆ. ಸಕ್ಕರೆ ತುಂಬಿಕೊಂಡ ನಾಳ ಪಕ್ಕದಿಂದ ನೀರನ್ನು ಎಳೆದುಕೊಂಡು ಬಿಗಿಯಾಗುತ್ತದೆ. ಆ ಒತ್ತಡವೇ ಪಾಕವನ್ನು ಬೇಕಾದಲ್ಲಿಗೆ ದೂಡುತ್ತದೆ. ತೊಗಟೆಯನ್ನು ಸುತ್ತ ಕಿತ್ತರೆ ನೀರಿಗೆ ಅಡ್ಡಿಯಿಲ್ಲ, ಆದ್ದರಿಂದ ಎಲೆ ಹಸಿರಾಗಿಯೇ ಇರುತ್ತದೆ. ಊಟ ಮಾತ್ರ ಉಂಗುರದ ತನಕ ಬಂದು ನಿಂತುಬಿಡುತ್ತದೆ. ಕೆಳಗಿಳಿಯಲಾರದೆ ಮೇಲೇ ಉಳಿದದ್ದು ಹೂವಾಗುತ್ತದೆ, ಹಣ್ಣಾಗುತ್ತದೆ. ನಾವು ಆ ಬೇಸಿಗೆಯಲ್ಲಿ ತಿಂದ ಸೀಕರಣೆ ಬೇರಿನ ಪಾಲಿನದು.

ಉಂಗುರದ ಕೆಳಗೆ ಉಗುರಿನಿಂದ ಕೆರೆದು ನೋಡಿದೆ. ತೊಗಟೆಯೊಳಗೆ ಇನ್ನೂ ಹಸಿ ಇತ್ತು. ಬುಡ ಇನ್ನೂ ಪೂರ್ತಿ ಸತ್ತಿಲ್ಲ, ಅಷ್ಟು ಸಾಕಾಗಿತ್ತು ನನಗೆ. ಮಾವ ಪೂಜೆಗೆ ಹೂ ಕೀಳಲು ಬಂದಾಗ, ಇದನ್ನು ಯಾರು ಮಾಡಿದ್ದು ಎಂದು ಕೇಳಿದೆ. ಅವರು ಹೆಮ್ಮೆಯಿಂದಲೇ ಒಪ್ಪಿಕೊಂಡರು. ವಿಡಿಯೋದಲ್ಲಿ ಒಂದೊಂದೇ ಕೊಂಬೆಗೆ ಸಣ್ಣ ಗೆರೆಯಷ್ಟು ತೊಗಟೆ ತೆಗೆಯಿರಿ ಎಂದಿದ್ದರಂತೆ. ಕೊಂಬೆಗೆ ಮಾಡಿದರೆ ಕೊಂಬೆಗಷ್ಟೇ ಫಲ, ಬುಡಕ್ಕೇ ಮಾಡಿದರೆ ಇಡೀ ಮರಕ್ಕಾಯಿತಲ್ಲ ಎಂದು ಅವರು ಯೋಚಿಸಿದರು. ಚಿಲ್ಲರೆಗಿಂತ ಸಗಟು ಮೇಲು ಎನ್ನುವ ವ್ಯಾಪಾರದ ಬುದ್ಧಿ. ಸಣ್ಣ ಗೆರೆ ಮುಚ್ಚಿಹೋದೀತು ಎಂದು ಅಗಲವಾಗಿ ತೆಗೆದು, ಕಟ್ಟಿಗೆಯನ್ನೂ ಚಾಕುವಿನಿಂದ ನಯವಾಗಿ ಹೆರೆದಿದ್ದರು.

“ಮಾವ, ಈ ಮರ ಸಾಯ್ತಾ ಇದೆ,” ಎಂದೆ.

ಅವರು ನನ್ನ ಮುಖ ನೋಡಿದರು, ಆಮೇಲೆ ಮರ ನೋಡಿದರು. “ಸಾಯೋ ಮರ ಹಿಂಗ್ ಹಣ್ ಬುಡ್ತದೇನಮ್ಮ? ಎಲೆ ನೋಡು, ಎಂಗವೆ.”

ನಾನು ವಿವರಿಸಿದೆ. ಮರಕ್ಕೆ ಊಟ ಹಾಕುವುದು ಬೇರು ತಾನೇ, ಬೇರಿಗೆ ಇನ್ನು ಯಾರು ಊಟ ಹಾಕಬೇಕು ಎಂದು ಅವರು ಕೇಳಿದರು. ಕೆಟ್ಟ ಪ್ರಶ್ನೆಯೇನಲ್ಲ. ನನ್ನ ವಿದ್ಯಾರ್ಥಿನಿಯರಲ್ಲಿ ಅರ್ಧ ಜನ ಹಾಗೆಯೇ ನಂಬಿಕೊಂಡು ಬಂದಿರುತ್ತಾರೆ. ಬೇರು ಕೊಡುವುದು ನೀರು, ಉಪ್ಪಿನಂಶ ಅಷ್ಟೇ; ಅಡುಗೆಮನೆ ಇರುವುದು ಎಲೆಯಲ್ಲಿ ಎಂದೆ. ಮಾವ ತಲೆಯಾಡಿಸಿದರು, ಒಪ್ಪಿ ಅಲ್ಲ, ಮಾತು ಮುಗಿಸಲಿಕ್ಕೆ. ಗೋಣಿತಾಟನ್ನು ಮೇಲಕ್ಕೆಳೆದು ಹುರಿ ಬಿಗಿದು ಒಳಗೆ ಹೋದರು. ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ಅತ್ತೆ, ಹೇಳಿದ ಮಾತು ಕೇಳುವ ಜೀವ ಅದಲ್ಲ ಎಂದು ನನಗೆ ಸಮಾಧಾನ ಹೇಳಿದರು. ರಾತ್ರಿ ಊಟಕ್ಕೆ ಕೂತಾಗ ನನ್ನ ಗಂಡ, ಒಂದು ಮರಕ್ಕೋಸ್ಕರ ಮನೆಯಲ್ಲಿ ಮಾತು ಬೇಡ ಎಂದುಬಿಟ್ಟರು.

ಅಷ್ಟಕ್ಕೇ ನಿಂತಿದ್ದರೆ ನಾನೂ ಒಂದೆರಡು ವಾರ ಕಾಯುತ್ತಿದ್ದೆನೋ ಏನೋ. ಆದರೆ ರಾಜೀವನಗರದಲ್ಲಿರುವ ಮಾವನ ತಂಗಿ ಫೋನು ಮಾಡಿದರು. ಅವರ ಮನೆ ಮುಂದೆಯೂ ಒಂದು ಮಾವಿನಮರವಿದೆ. ನಮ್ಮ ಹಣ್ಣು ತಿಂದಾಗಿನಿಂದ ಅವರಿಗೂ ಅದೇ ಆಸೆ. ಮುಂದಿನ ಭಾನುವಾರ ಚಾಕು ತಗೊಂಡು ಬರುತ್ತೇನೆ, ನೀನೇನೂ ಮಾಡಬೇಡ, ನಾನೇ ಮಾಡಿಕೊಡುತ್ತೇನೆ ಎಂದು ಮಾವ ಮಾತು ಕೊಟ್ಟರು. ಒಂದು ಮರದ ಜೊತೆಗೆ ಇನ್ನೊಂದೂ ಹೋಗುವುದನ್ನು ನೋಡುತ್ತ ಕೂರುವುದು ನನ್ನಿಂದಾಗಲಿಲ್ಲ. ವಾದ ಮಾಡಿ ಗೆಲ್ಲಲಾರೆ, ತೋರಿಸಿದರೆ ಗೆಲ್ಲುತ್ತೇನೆ ಎನಿಸಿತು. ಶನಿವಾರ ಕಾಲೇಜಿನ ಲ್ಯಾಬಿನಿಂದ ಒಂದು ಸಣ್ಣ ಬಾಟಲಿಯಲ್ಲಿ ಅಯೋಡಿನ್ ದ್ರಾವಣ ತಂದೆ.

ಅಯೋಡಿನ್ ಜೇನಿನ ಬಣ್ಣದ್ದು. ಪಿಷ್ಟ ಇದ್ದ ಕಡೆ ಬಿದ್ದರೆ ಕಪ್ಪುನೀಲಿಯಾಗುತ್ತದೆ. ಎಲೆಯಿಂದ ಬಂದ ಸಕ್ಕರೆಯನ್ನು ಮರ ಕಟ್ಟಿಗೆಯಲ್ಲಿ, ಬೇರಿನಲ್ಲಿ ಪಿಷ್ಟವಾಗಿ ಕೂಡಿಡುತ್ತದೆ. ಮಧ್ಯಾಹ್ನದ ಕಾಫಿ ಕುಡಿದು ಮಾವ ಹಿತ್ತಲ ಕಟ್ಟೆಯ ಮೇಲೆ ಕೂತಿದ್ದರು. ನಾನು ಬಿಳಿ ತಟ್ಟೆ, ಚಾಕು ಹಿಡಿದು ಹೋಗಿ ಪಕ್ಕದಲ್ಲಿ ಕೂತೆ. ಏನು ಮಾಡುತ್ತೇನೆ, ಯಾವ ಬಣ್ಣ ಬಂದರೆ ಏನರ್ಥ ಎಂಬುದನ್ನು ಮೊದಲೇ ಹೇಳಿದೆ. ಪಾತ್ರೆ ಬಡಿದು ನಾದ ಕೇಳಿಯೇ ಹಿತ್ತಾಳೆಯ ಯೋಗ್ಯತೆ ಹೇಳುತ್ತಿದ್ದ ಮನುಷ್ಯ. ಪರೀಕ್ಷೆ ಎಂದರೆ ಬೇಡ ಎನ್ನಲಾರರು ಎಂದು ನನಗೆ ಗೊತ್ತಿತ್ತು.

ಊದಿದ ಅಂಚಿನ ಮೇಲಿಂದ ತೆಗೆದ ಚೂರಿಗೆ ಎರಡು ತೊಟ್ಟು ಬಿಟ್ಟೆ. ನೋಡನೋಡುತ್ತ ಅದು ಶಾಯಿಯಲ್ಲಿ ಅದ್ದಿದ ಹಾಗಾಯಿತು. ಆಮೇಲೆ ಬುಡ ಅಗೆದು, ಕಿರುಬೆರಳು ಗಾತ್ರದ ಬೇರೊಂದನ್ನು ಕತ್ತರಿಸಿ ಅದಕ್ಕೂ ಬಿಟ್ಟೆ. ಅದು ಹಳದಿಯಾಗಿ ಒದ್ದೆಯಾಯಿತು, ಹಾಗೆಯೇ ಉಳಿಯಿತು. ಬೇರಿನ ಗುಣವೇ ಹಾಗಿರಬಹುದಲ್ಲ ಎಂದು ಮಾವ ಕೇಳಿದರು. ಪಕ್ಕದ ಮನೆಯ ತೋತಾಪುರಿ ಮರದ ಬೇರು ಕಾಂಪೌಂಡಿನ ಅಡಿಯಲ್ಲಿ ನುಸುಳಿ ನಮ್ಮ ಕಡೆಗೆ ಬಂದಿದೆ. ಮಾವನೇ ಎದ್ದು ಅದರಿಂದ ಒಂದು ಚೂರು ಕತ್ತರಿಸಿ ತಂದರು, ಬಾಟಲಿಯನ್ನು ನನ್ನ ಕೈಯಿಂದ ತಗೊಂಡು ತಾವೇ ತೊಟ್ಟು ಬಿಟ್ಟರು. ಅದು ಕಪ್ಪಾಯಿತು.

ತಟ್ಟೆಯ ಮೇಲಿನ ಮೂರು ಚೂರುಗಳನ್ನು ಅವರು ಬಹಳ ಹೊತ್ತು ನೋಡಿದರು. “ಅಂಗಾರೆ ದಸರಾದಿಂದ ಬೇರು ಉಪವಾಸ,” ಎಂದರು. ಮತ್ತೆ ಸ್ವಲ್ಪ ಹೊತ್ತಿಗೆ ಮೊಬೈಲು ತೆಗೆದು ರಾಜೀವನಗರಕ್ಕೆ ಫೋನು ಮಾಡಿದರು. “ಆ ಮರಕ್ಕೆ ಕೈ ಹಚ್ಬೇಡ ಕಣಮ್ಮ. ಕಾಯಿ ಬುಡ್ದೆ ಇದ್ರೂ ಚಿಂತಿಲ್ಲ,” ಎಂದಷ್ಟೇ ಹೇಳಿ ಇಟ್ಟರು. ಆಮೇಲೆ ನನ್ನ ಕಡೆ ತಿರುಗಿದರು.

“ಈಗೇನ್ ಮಾಡದಮ್ಮ?”

“ಕಡಿದಿರೋ ದಾರಿಗೆ ಸೇತುವೆ ಹಾಕೋಣ ಮಾವ. ಬದುಕುತ್ತೆ.”

ಅದನ್ನು ಸೇತುವೆ ಕಸಿ ಎನ್ನುತ್ತಾರೆ. ಅದೇ ಮರದ ಎಳೆಯ ಕಡ್ಡಿಗಳನ್ನು ತೆಗೆದು, ಎರಡೂ ತುದಿಯನ್ನು ಬೆಣೆಯ ಹಾಗೆ ಸೀವಿ, ಒಂದು ತುದಿಯನ್ನು ಗಾಯದ ಕೆಳಗಿನ ತೊಗಟೆಯಡಿ, ಇನ್ನೊಂದನ್ನು ಮೇಲಿನ ತೊಗಟೆಯಡಿ ಸೇರಿಸಬೇಕು. ಎರಡೂ ಕಡೆ ಬೆಸೆದುಕೊಂಡರೆ ಎಲೆಯ ಊಟ ಕಡ್ಡಿಯ ತೊಗಟೆಯಲ್ಲಿ ಇಳಿದು ಬೇರು ಮುಟ್ಟುತ್ತದೆ. ನಾನು ಅದನ್ನು ಪಾಠ ಮಾಡಿದ್ದೆ, ಕೈಯಾರೆ ಮಾಡಿರಲಿಲ್ಲ. ಆದರೂ ಆಗುತ್ತದೆ ಎನ್ನುವುದರಲ್ಲಿ ನನಗೆ ಅನುಮಾನವಿರಲಿಲ್ಲ. ಮಳೆಗಾಲ ಶುರುವಾಗಿತ್ತು, ತೊಗಟೆ ಸುಲಭವಾಗಿ ಬಿಡಿಸಿಕೊಳ್ಳುವ ಕಾಲ. ಕೆಳಗಿನ ತೊಗಟೆ ಹಸಿಯಿತ್ತು. ಮರ ನನ್ನ ಬೋರ್ಡಿನ ಚಿತ್ರದ ಹಾಗೆಯೇ ಇಲ್ಲಿಯವರೆಗೆ ನಡೆದುಕೊಂಡಿತ್ತು, ಮುಂದೆಯೂ ನಡೆದುಕೊಳ್ಳುತ್ತದೆ.

ಮೊದಲು, ಆರಿಸಿದ ಕಡ್ಡಿಗಳ ಎಲೆಗಳನ್ನು ತೊಟ್ಟು ಬಿಟ್ಟು ಕತ್ತರಿಸಿ, ಕಡ್ಡಿಗಳನ್ನು ಮರದ ಮೇಲೇ ಬಿಟ್ಟೆವು. ಹಾಗೆ ಮಾಡಿದರೆ ಕಡ್ಡಿಯ ಮೊಗ್ಗುಗಳಲ್ಲಿ ಜೀವ ತುಂಬಿಕೊಳ್ಳುತ್ತದೆ. ಅದಕ್ಕೆ ವಾರದ ಮೇಲೆ ಬೇಕು. ಅಷ್ಟರೊಳಗೆ ಗಾಳಿಗೆ ಮುರಿದ ಒಂದು ಕೊಂಬೆಯನ್ನು ಅಡುಗೆಮನೆ ಕಟ್ಟೆಯ ಮೇಲಿಟ್ಟುಕೊಂಡು ಇಬ್ಬರೂ ಅಭ್ಯಾಸ ಮಾಡಿದೆವು. ನನ್ನ ಬೆಣೆಗಳು ಡೊಂಕಾಗುತ್ತಿದ್ದವು. ಮಾವನವು ಒಂದೇ ಎಳೆತಕ್ಕೆ ಕನ್ನಡಿಯ ಹಾಗೆ ನುಣುಪಾಗಿ ಬರುತ್ತಿದ್ದವು. ಬೇರೆ ಯಾರೇ ಆ ಉಂಗುರ ಕೆತ್ತಿದ್ದರೂ ಅಲ್ಲೊಂದು ಇಲ್ಲೊಂದು ತೊಗಟೆಯ ಎಳೆ ಉಳಿದು ಮರ ಅಷ್ಟರಲ್ಲೇ ಬದುಕಿಕೊಳ್ಳುತ್ತಿತ್ತು; ನಮ್ಮ ಮಾವನ ಅಚ್ಚುಕಟ್ಟುತನವೇ ಅದಕ್ಕೆ ಮುಳುವಾಗಿತ್ತು. ಆದ್ದರಿಂದ ಚಾಕು ಅವರ ಕೈಯಲ್ಲಿ, ಮಾತು ನನ್ನ ಬಾಯಲ್ಲಿ ಎಂದು ತೀರ್ಮಾನವಾಯಿತು. ಅಡುಗೆ ಕಟ್ಟೆಯ ತುಂಬ ಮಾವಿನ ಸೊನೆ ಅಂಟಿಸಿದ್ದಕ್ಕೆ ಅತ್ತೆ ಇಬ್ಬರಿಗೂ ಸೇರಿಸಿಯೇ ಬೈದರು.

ಕಸಿ ಮಾಡಿದ ದಿನ ಬೆಳಗಿನಿಂದ ಸಣ್ಣ ತುಂತುರು. ನನ್ನ ಗಂಡ ತಾವಾಗಿಯೇ ಬಂದು ಕೊಡೆ ಹಿಡಿದು ನಿಂತರು. ಒಂದು ಎಚ್ಚರವನ್ನು ನಾನು ಮತ್ತೆ ಮತ್ತೆ ಹೇಳಿದ್ದೆ. ಕಡ್ಡಿ ಮರದ ಮೇಲೆ ಯಾವ ತುದಿ ಮೇಲಾಗಿತ್ತೋ ಇಲ್ಲಿಯೂ ಅದೇ ತುದಿ ಮೇಲಾಗಬೇಕು. ತಲೆಕೆಳಗಾದರೆ ಬೆಸೆದ ಹಾಗೆ ಕಂಡರೂ ಬಾಳುವುದಿಲ್ಲ. ಎಲೆಯಿಲ್ಲದ ಕಡ್ಡಿಗಳು ಕತ್ತರಿಸಿದ ಮೇಲೆ ಎಲ್ಲವೂ ಒಂದೇ ತರ ಕಾಣುತ್ತವೆ. ಮಾವ ಒಳಗೆ ಹೋಗಿ ತಮ್ಮ ವಿಭೂತಿ ಗಟ್ಟಿ ತಂದು, ಒಂದೊಂದು ಕಡ್ಡಿ ಕತ್ತರಿಸಿದ ತಕ್ಷಣ ಅದರ ಮೇಲ್ತುದಿಗೆ ಬಿಳಿ ಬೊಟ್ಟಿಟ್ಟರು. ಆಮೇಲೆ ಗೊಂದಲವೇ ಆಗಲಿಲ್ಲ.

ಗಾಯದ ಒಣ ಅಂಚುಗಳನ್ನು ಹಸಿ ಕಾಣುವವರೆಗೆ ಹೆರೆದರು. ತೊಗಟೆಯನ್ನು ಸೀಳಿ ಚಾಕುವಿನ ಹಿಂಬದಿಯಿಂದ ಎಬ್ಬಿಸಿ, ಕಡ್ಡಿಯ ಬೆಣೆಯನ್ನು ಒಳಗೆ ತಳ್ಳಿದರು. ಗಾಳಿಗೆ ಮರ ತೂಗಿದರೆ ಕಿತ್ತುಬರದ ಹಾಗೆ ಕಡ್ಡಿಯನ್ನು ಸ್ವಲ್ಪ ಉದ್ದವೇ ಇಟ್ಟು ಬಿಲ್ಲಿನಂತೆ ಬಾಗಿಸಿದೆವು. ಸಣ್ಣ ಮೊಳೆ ಹೊಡೆದು, ಬಿಸಿ ಮಾಡಿದ ಜೇನುಮೇಣವನ್ನು ನಾನು ಸಂದುಗಳಿಗೆ ಬಳಿದೆ. ಕಾಂಡದ ಸುತ್ತ ಒಂದೊಂದು ಗೇಣಿಗೆ ಒಂದು ಕಡ್ಡಿ. ಮುಗಿಯುವಷ್ಟರಲ್ಲಿ ಮಾವನ ಪಂಚೆ ಕೆಸರಾಗಿತ್ತು, ನನ್ನ ಸೊಂಟ ಬಿದ್ದುಹೋಗಿತ್ತು. ಸೋಪಿನ ನೀರು ಬುಡಕ್ಕೆ ಸಿಡಿಯಬಾರದೆಂದು ಅತ್ತೆ ಅವತ್ತಿನಿಂದ ಒಗೆಯುವ ಕಲ್ಲಿನ ಹತ್ತಿರ ಯಾರನ್ನೂ ಸೇರಿಸಲಿಲ್ಲ.

ಜುಲೈ ಕಳೆಯುವಷ್ಟರಲ್ಲಿ ಕೆಲವು ಕಡ್ಡಿ ಕಪ್ಪಾಗಿ ಸೊರಗಿದವು. ಹೆಚ್ಚಿನವು ಹಸಿರಾಗಿ, ತುಂಬಿಕೊಂಡು ನಿಂತವು. ಒಂದು ಬೆಳಗ್ಗೆ ಮಾವ ನನ್ನನ್ನು ಕೂಗಿ ಕರೆದರು. ಒಂದು ಸೇತುವೆಯ ನಡುವೆ ಕೆಂಪು ಚಿಗುರು ಮೂಡಿತ್ತು. ಅದನ್ನು ಬೆಳೆಯಬಿಡುವ ಆಸೆ ಅವರಿಗೆ. ಕಡ್ಡಿ ತಾನೇ ಚಿಗುರುತ್ತ ಕೂತರೆ ಕೆಳಗೆ ಹೋಗಬೇಕಾದದ್ದನ್ನು ನಡುದಾರಿಯಲ್ಲೇ ತಿಂದುಬಿಡುತ್ತದೆ ಎಂದು ನಾನು ಅದನ್ನು ಹೆಬ್ಬೆರಳಿನಿಂದ ಉಜ್ಜಿ ತೆಗೆದೆ. ಅವರಿಗೆ ನೋವಾಯಿತು. ನೋವಿನ ಕೆಲಸ ಇನ್ನೂ ಬೇಕಾದಷ್ಟಿತ್ತು. ಕಾಂಪೌಂಡಿನ ಕಡೆಯ ದೊಡ್ಡ ಕೊಂಬೆ ಸೆಪ್ಟೆಂಬರಿನಲ್ಲಿ ಒಣಗಿಹೋಯಿತು. ಆ ಕಡೆಯ ಬೇರುಗಳು ಅಷ್ಟರಲ್ಲಿ ಸತ್ತಿದ್ದವು. ಅದನ್ನು ಕಡಿಸಿದ ದಿನ ಮಾವ ಊಟಕ್ಕೆ ಏಳಲಿಲ್ಲ. ಅತ್ತೆ ತಟ್ಟೆಯನ್ನು ಅವರ ಕೋಣೆಗೇ ಒಯ್ದರು.

ಜನವರಿಯಲ್ಲಿ ಉಳಿದ ಕೊಂಬೆಗಳು ಮತ್ತೆ ಮೈತುಂಬ ಹೂಬಿಟ್ಟವು. ಕಷ್ಟದಲ್ಲಿರುವ ಮರ ಹಾಗೆ ಮಾಡುವುದುಂಟು. ನೋಡಲಿಕ್ಕೆ ಚೆಂದವೇ. ಆದರೆ ಹೂ ಕಾಯಾದರೆ ಸಕ್ಕರೆಯೆಲ್ಲ ಅದಕ್ಕೇ ಹೋಗುತ್ತದೆ, ಹೊಸ ಸೇತುವೆಗಳಲ್ಲಿ ಇಳಿಯುವಷ್ಟು ಉಳಿಯುವುದಿಲ್ಲ. ಈ ವರ್ಷ ಒಂದು ಹೂವೂ ಬೇಡ ಎಂದು ಮಾವನಿಗೆ ಹೇಳುವುದು ಹೇಗೆಂದು ನಾನು ಕಾಫಿ ಲೋಟ ಹಿಡಿದು ನಿಂತಿದ್ದೆ. ಅವರೇ ಕೇಳಿದರು.

“ಇದ್ನೆಲ್ಲ ಕೀಳ್ಬೇಕಲ್ವೇನಮ್ಮ?”

ಹೌದೆಂದೆ. ಅವರು ದೋಟಿ ತಂದು, ಕೆಳಗಿನ ಕೊಂಬೆಯಿಂದ ಶುರುಮಾಡಿ ಒಂದೊಂದೇ ಗೊಂಚಲನ್ನು ಎಳೆದು ಬೀಳಿಸಿದರು. ನಾನು ಗುಡಿಸಿದೆ. ಯುಗಾದಿಯ ಮಾವಿನಕಾಯಿ ಚಿತ್ರಾನ್ನಕ್ಕೆ ಒಂದು ಗೊಂಚಲಾದರೂ ಬಿಡಿ ಎಂದು ಅತ್ತೆ ಬಾಗಿಲಿಂದ ಕೇಳಿದರು. ಮಾರ್ಕೆಟ್ಟಿನಲ್ಲಿ ಸಿಗುತ್ತದೆ ಎಂದು ಮಾವ ದೋಟಿ ಇಳಿಸದೆಯೇ ಉತ್ತರ ಕೊಟ್ಟರು. ಎತ್ತರದ ಕೊಂಬೆಗಳಿಗೆ ಏಣಿ ಹಾಕಿ ನನ್ನ ಗಂಡ ಹತ್ತಿದರು. ಸಂಜೆಗೆ ಮರದ ಮೇಲೆ ಒಂದು ಹೂವೂ ಇರಲಿಲ್ಲ.

ಅದಾದ ಮೇಲೆ ಮರ ನಿಧಾನವಾಗಿ ಚೇತರಿಸಿಕೊಂಡಿತು. ಫೆಬ್ರವರಿಯ ಕೊನೆಗೆ ತಾಮ್ರದ ಬಣ್ಣದ ಎಳೆಯ ಎಲೆ ಎಲ್ಲ ಕೊಂಬೆಗಳಲ್ಲೂ ಬಂತು. ಉಂಗುರದ ಕೆಳಗೆ, ಸತ್ತೇಹೋಯಿತು ಎಂದುಕೊಂಡಿದ್ದ ಬುಡ ಹಿಗ್ಗತೊಡಗಿತು. ಇವತ್ತು ಆ ಕಡ್ಡಿಗಳು ಪೊರಕೆ ಹಿಡಿಕೆಗಿಂತ ದಪ್ಪವಾಗಿವೆ. ದೂರದಿಂದ ನೋಡಿದರೆ ಮರ ಬೆರಳೂರಿ ನಿಂತ ಹಾಗೆ ಕಾಣುತ್ತದೆ. ಹೋದ ವರ್ಷ ಸ್ವಲ್ಪ ಹೂ ಉಳಿಸಿದೆವು. ಒಂದು ಮೊರದಷ್ಟು ಹಣ್ಣಾಯಿತು, ಅದರಲ್ಲಿ ಅರ್ಧ ರಾಜೀವನಗರಕ್ಕೆ ಹೋಯಿತು.

ಈ ವರ್ಷ ಉಂಗುರ ಪ್ರಯೋಗದ ಪಾಠ ಬಂದಾಗ ನಾನು ಬೋರ್ಡಿನ ಮೇಲೆ ಚಿತ್ರ ಬಿಡಿಸಲಿಲ್ಲ. ಒಂದು ಶನಿವಾರ ನನ್ನ ವಿದ್ಯಾರ್ಥಿನಿಯರನ್ನು ಮನೆಗೇ ಕರೆದುಕೊಂಡು ಬಂದೆ. ಮಾವ ಬೆಳಗ್ಗೆಯೇ ಹಿತ್ತಲು ಗುಡಿಸಿ, ಇಸ್ತ್ರಿ ಮಾಡಿದ ಜುಬ್ಬ ಹಾಕಿಕೊಂಡು ಕಾಯುತ್ತಿದ್ದರು. ಹುಡುಗಿಯರು ಮರದ ಸುತ್ತ ಕೂತರು. ತೊಗಟೆ ಯಾಕೆ ತೆಗೆದಿರಿ ತಾತ ಎಂದು ಒಬ್ಬಳು ನೇರವಾಗಿ ಕೇಳಿದಳು. “ಹಣ್ಣಿನ್ ಆಸೆಗೆ ಕಣಮ್ಮ,” ಎಂದು ಹೇಳಿ ಅವರು ಅಲ್ಲಿಂದಲೇ ಪಾಠ ಶುರುಮಾಡಿದರು. ನೀರಿನ ದಾರಿ, ಊಟದ ದಾರಿ, ಅಯೋಡಿನ್, ಬೆಣೆ, ಮೇಣ ಎಲ್ಲವನ್ನೂ ಕೈಯಾಡಿಸಿ ತೋರಿಸುತ್ತ ಹೇಳಿದರು. ನಾನು ತರಗತಿಯಲ್ಲಿ ಹೇಳುವುದಕ್ಕಿಂತ ಅವರು ಹೇಳಿದ್ದು ಹುಡುಗಿಯರಿಗೆ ಹೆಚ್ಚು ಹಿಡಿಸಿತು.

ಒಂದು ಕಡೆ ಮಾತ್ರ ತಪ್ಪಿದರು. ಎಲೆಯ ಊಟ ಯಾವಾಗಲೂ ಕೆಳಕ್ಕೇ ಹೋಗುತ್ತದೆ ಎಂದರು. ನಾನು ನಡುವೆ ಬಾಯಿ ಹಾಕಿದೆ. ಯಾವಾಗಲೂ ಕೆಳಕ್ಕಲ್ಲ, ಎಲ್ಲಿ ಬೇಕೋ ಅಲ್ಲಿಗೆ ಹೋಗುತ್ತದೆ. ತುದಿಯ ಚಿಗುರಿಗೆ, ಹೂವಿಗೆ, ಹಣ್ಣಿಗೆ ಮೇಲಕ್ಕೂ ಹೋಗುತ್ತದೆ ಎಂದೆ. ಮಾವ ತಲೆಯೆತ್ತಿ ಮರದ ತುದಿಯ ಕಡೆ ನೋಡಿದರು.

“ನಿಮ್ ಮೇಡಂ ಹೇಳದು ಸರಿ, ಅದ್ನೂ ಬರ್ಕೊಳಿ,” ಎಂದು ಹುಡುಗಿಯರಿಗೆ ಹೇಳಿ, ಅವರು ಬರೆದು ಮುಗಿಸುವ ತನಕ ಕಾದು, ಮುಂದಿನ ಮಾತಿಗೆ ಹೋದರು.